ಪ್ರಶ್ನಾವಳಿಯಲ್ಲಿ 310 ಉತ್ತರ ಖಾಲಿ ಬಿದ್ದಿವೆ. ತುಂಬಬೇಕಾ, ಬಿಡಬೇಕಾ? (ಚರ್ಚಾ ವೇದಿಕೆ; ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರು ಇದೆ)

ಮೊದಲ ಥೀಸಿಸ್

ಎಲ್ಲರಿಗೂ ನಮಸ್ಕಾರ. ನಾನು ಮನಃಶಾಸ್ತ್ರದ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಥೀಸಿಸ್‌ಗಾಗಿ 240 ಜನರ ಹತ್ತಿರ 30 ಪ್ರಶ್ನೆಗಳ ಫಾರಂ ತುಂಬಿಸಿದ್ದೇನೆ. ಮೊದಲ 10 ಪ್ರಶ್ನೆ ಆತಂಕದ ಬಗ್ಗೆ, ಮುಂದಿನ 10 ಬದುಕಿನ ನೆಮ್ಮದಿ ಬಗ್ಗೆ, ಕೊನೆಯ 10 ನಿದ್ದೆ ಬಗ್ಗೆ. ಆತಂಕದಿಂದ ನಿದ್ದೆ ಹೇಗೆ ಕೆಡುತ್ತದೆ ಎಂದು ನೋಡುವುದು ನನ್ನ ಗುರಿ. ಕಾಗದದ ಫಾರಂ, ಎರಡೂ ಬದಿ ಪ್ರಿಂಟ್. ನಿದ್ದೆಯ ಪ್ರಶ್ನೆಗಳೆಲ್ಲ ಹಿಂಬದಿಯಲ್ಲಿವೆ.

ನಿನ್ನೆ ಡೇಟಾ ಎಂಟ್ರಿ ಮುಗಿಯಿತು. ಒಟ್ಟು 7,200 ಚೌಕಗಳಲ್ಲಿ 310 ಖಾಲಿ. ಅಂದ್ರೆ 4.3 ಶೇಕಡಾ. ಇಷ್ಟೇ ಅಲ್ವಾ ಅಂತ ಸುಮ್ಮನಿದ್ದೆ. ಆದರೆ ಎಸ್‌ಪಿಎಸ್‌ಎಸ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಟೇಬಲ್‌ನಲ್ಲಿ ಒಂದೊಂದು ಸಂಖ್ಯೆ ಬರುತ್ತಿದೆ. ಕೊರಿಲೇಶನ್‌ನಲ್ಲಿ (ಎರಡು ವಿಷಯ ಒಟ್ಟಿಗೆ ಹೇಗೆ ಏರಿಳಿಯುತ್ತವೆ ಎಂಬ ಲೆಕ್ಕ) ಪ್ರತಿ ಜೋಡಿಗೂ ಬೇರೆ ಬೇರೆ ಜನ. ರಿಗ್ರೆಶನ್‌ನಲ್ಲಿ (ಒಂದರಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಉಳಿದವರು 158 ಜನ ಮಾತ್ರ. 82 ಜನ ಎಲ್ಲಿ ಹೋದರು ಅಂತ ಗಾಬರಿಯಾಯಿತು.

ಒಬ್ಬರು ಹೇಳುತ್ತಾರೆ, ಖಾಲಿ ಇರುವ ಫಾರಂಗಳನ್ನು ತೆಗೆದುಬಿಡು. ಇನ್ನೊಬ್ಬರು ಹೇಳುತ್ತಾರೆ, ಆ ಪ್ರಶ್ನೆಯ ಸರಾಸರಿಯನ್ನು ಎಲ್ಲ ಖಾಲಿ ಚೌಕಕ್ಕೂ ಹಾಕು. ಎರಡೂ ನನಗೆ ಸರಿ ಕಾಣುತ್ತಿಲ್ಲ. ಆ 82 ಜನ ಅರ್ಧ ಗಂಟೆ ಕೂತು ಬರೆದಿದ್ದಾರೆ. ಅವರನ್ನು ಬಿಸಾಡಲು ಮನಸ್ಸಿಲ್ಲ. ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕಲೂ ಮನಸ್ಸಿಲ್ಲ. ಏನು ಮಾಡಲಿ?

ಎಣಿಕೆಗಾರ

ಒಳ್ಳೆಯ ಜಾಗದಲ್ಲಿ ನಿಂತು ಕೇಳಿದ್ದೀರಿ. ಸದ್ಯಕ್ಕೆ ಏನನ್ನೂ ತುಂಬಬೇಡಿ, ಏನನ್ನೂ ತೆಗೆಯಬೇಡಿ.

ಮೊದಲು ಒಂದು ಲೆಕ್ಕ. ಪ್ರತಿ ಪ್ರಶ್ನೆಯಲ್ಲೂ 4.3 ಶೇಕಡಾ ಖಾಲಿ ಇದ್ದು, ಅವು ಒಂದಕ್ಕೊಂದು ಸಂಬಂಧವಿಲ್ಲದೆ ಚೆದುರಿ ಬಿದ್ದಿದ್ದರೆ, ಒಬ್ಬರ ಫಾರಂ ಪೂರ್ತಿ ತುಂಬಿರುವ ಸಾಧ್ಯತೆ 0.957ರ 30ನೇ ಘಾತ. ಅದು ಸುಮಾರು 0.27. ಅಂದ್ರೆ 240ರಲ್ಲಿ ಸುಮಾರು 64 ಫಾರಂ ಮಾತ್ರ ಪೂರ್ತಿ ಇರಬೇಕಿತ್ತು. ನಿಮ್ಮಲ್ಲಿ 158 ಉಳಿದಿವೆ. ಹಾಗಾದರೆ ಖಾಲಿಗಳು ಚೆದುರಿಲ್ಲ, ಗುಂಪು ಕಟ್ಟಿವೆ. ಕೆಲವರ ಹತ್ತಿರ, ಇಲ್ಲವೇ ಕೆಲವು ಪ್ರಶ್ನೆಗಳ ಹತ್ತಿರ. ಗುಂಪು ಇದ್ದ ಕಡೆ ಕಾರಣ ಇರುತ್ತದೆ. ಅದನ್ನು ಹುಡುಕಿ.

ಒಂದು ಹಾಳೆ ತೆಗೆದುಕೊಳ್ಳಿ. ಸಾಲಿಗೆ ಒಬ್ಬರು, ಕಾಲಂಗೆ ಒಂದು ಪ್ರಶ್ನೆ. ಉತ್ತರ ಇದ್ದರೆ 0, ಖಾಲಿ ಇದ್ದರೆ 1. ಆ 1ಗಳಿಗೆ ಬಣ್ಣ ಹಾಕಿ ಸುಮ್ನೆ ನೋಡಿ. ನನ್ನ ಅನುಭವದಲ್ಲಿ ಈ ಒಂದು ಚಿತ್ರದಷ್ಟು ಬೇರೇನೂ ಕಲಿಸುವುದಿಲ್ಲ.

ಪ್ರಶ್ನೆಯ ಸರಾಸರಿ ತುಂಬುವುದು ಮಾತ್ರ ಬೇಡವೇ ಬೇಡ. 100 ಜನರಲ್ಲಿ 20 ಜನರ ಖಾಲಿಗೆ ಸರಾಸರಿ ಹಾಕಿದಿರಿ ಅನ್ನಿ. ಆ 20 ಜನರೂ ನಡುಮಧ್ಯ ಒಂದೇ ಬಿಂದುವಿನಲ್ಲಿ ನಿಂತುಬಿಡುತ್ತಾರೆ. ವೇರಿಯನ್ಸ್ (ಉತ್ತರಗಳು ಎಷ್ಟು ಹರಡಿವೆ ಎಂಬ ಅಳತೆ) ಸುಮಾರು ಐದನೇ ಒಂದು ಭಾಗ ಕುಸಿಯುತ್ತದೆ. ಕೊರಿಲೇಶನ್‌ಗಳು ಸಾಮಾನ್ಯವಾಗಿ ಸೊರಗುತ್ತವೆ. ಆದರೆ ಸಾಫ್ಟ್‌ವೇರ್ 100 ಜನ ನಿಜವಾಗಿ ಉತ್ತರಿಸಿದ್ದಾರೆ ಎಂದೇ ನಂಬಿ ಲೆಕ್ಕ ಮಾಡುತ್ತದೆ. ಹಾಗಾಗಿ ಸ್ಟ್ಯಾಂಡರ್ಡ್ ಎರರ್ (ನಮ್ಮ ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ) ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಬರುತ್ತದೆ. ಇಲ್ಲದ ಧೈರ್ಯ ಬಂದುಬಿಡುತ್ತದೆ.

ನೇರ ಮಾತು

ಇಷ್ಟು ದೊಡ್ಡದು ಮಾಡಬೇಕಾಗಿಲ್ಲ ಅನ್ನಿಸುತ್ತದೆ. 4.3 ಶೇಕಡಾ ಅಷ್ಟೇ. 10 ಪ್ರಶ್ನೆಯ ಸ್ಕೇಲ್‌ನಲ್ಲಿ (ಒಂದೇ ವಿಷಯ ಅಳೆಯುವ ಪ್ರಶ್ನೆಗಳ ಗುಂಪು) 8 ಉತ್ತರಿಸಿದ್ದರೆ ಆ 8ರ ಸರಾಸರಿ ತೆಗೆದುಕೊಳ್ಳಿ. ಎಸ್‌ಪಿಎಸ್‌ಎಸ್‌ನಲ್ಲಿ 'ಮೀನ್' (ಸರಾಸರಿ) ಪದದ ನಂತರ ಚುಕ್ಕಿ ಇಟ್ಟು 8 ಅಂತ ಬರೆದರೆ, ಕನಿಷ್ಠ 8 ಉತ್ತರ ಇದ್ದವರಿಗೆ ಮಾತ್ರ ಸ್ಕೋರ್ ಕೊಡುತ್ತದೆ. ಎಷ್ಟೋ ಜನ ಹೀಗೇ ಮಾಡುತ್ತಾರೆ. ಎಸ್‌ಎಫ್-36 ಆರೋಗ್ಯ ಪ್ರಶ್ನಾವಳಿಯ ಸ್ಕೋರಿಂಗ್ ನಿಯಮವೇ ಇದು. ಒಂದು ಸ್ಕೇಲ್‌ನ ಕನಿಷ್ಠ ಅರ್ಧ ಪ್ರಶ್ನೆಗೆ ಉತ್ತರ ಇದ್ದರೆ, ಉಳಿದದ್ದಕ್ಕೆ ಅದೇ ವ್ಯಕ್ತಿಯ ಸರಾಸರಿ.

ಪ್ರಶ್ನೆ ಕಟ್ಟುವವರು

ನಾನು ಪ್ರಶ್ನಾವಳಿ ತಯಾರಿಸುವ ಕೆಲಸದಲ್ಲಿದ್ದೇನೆ. ನನ್ನ ಕಣ್ಣು ಮೊದಲು ಹೋಗುವುದು ಡೇಟಾ ಕಡೆಗಲ್ಲ, ಪ್ರಶ್ನೆ ಕಡೆಗೆ. ಎಲ್ಲಕ್ಕಿಂತ ಜಾಸ್ತಿ ಖಾಲಿ ಬಿದ್ದ ಪ್ರಶ್ನೆ ಯಾವುದು? ಅದರ ಪದಗಳನ್ನು ಇಲ್ಲಿ ಹಾಕ್ತೀರಾ?

ಜನ ಪ್ರಶ್ನೆ ಬಿಡುವುದಕ್ಕೆ ನೂರು ಕಾರಣ. ಅರ್ಥವಾಗಲಿಲ್ಲ. ಒಂದೇ ವಾಕ್ಯದಲ್ಲಿ ಎರಡು ವಿಷಯ ಕೇಳಿದ್ದರು. 'ಇಲ್ಲ ಎಂದು ಅನ್ನಿಸುವುದಿಲ್ಲ' ಅನ್ನುವಂಥ ಜೋಡಿ ನಿರಾಕರಣೆ ಇತ್ತು. ನಾಚಿಕೆಯಾಯಿತು. ಯಾರಾದರೂ ನೋಡಿಬಿಟ್ಟರೆ ಎಂಬ ಭಯ. ಪ್ರಶ್ನೆ ತನಗೆ ಸಂಬಂಧಿಸಿದ್ದೇ ಅಲ್ಲ. ಇವೆಲ್ಲ ಫೈಲ್‌ನಲ್ಲಿ ಒಂದೇ ತರಹ ಕಾಣುತ್ತವೆ, ಬರೀ ಖಾಲಿ ಚೌಕ. ಆದರೆ 'ನನಗೆ ಅನ್ವಯಿಸುವುದಿಲ್ಲ' ಎಂಬ ಖಾಲಿಗೂ 'ಹೇಳಲಾರೆ' ಎಂಬ ಖಾಲಿಗೂ ಅಜಗಜಾಂತರ. ಮೊದಲನೆಯದರ ಹಿಂದೆ ಯಾವ ಉತ್ತರವೂ ಅಡಗಿಲ್ಲ. ಇಲ್ಲದ ಉತ್ತರವನ್ನು ಅಂದಾಜು ಮಾಡುವುದಾದರೂ ಹೇಗೆ?

ಮೊದಲ ಥೀಸಿಸ್

ಬಣ್ಣ ಹಾಕಿ ನೋಡಿದೆ! ನಿಜವಾಗಿಯೂ ಗುಂಪುಗಳು ಎದ್ದು ಕಂಡವು.

14 ಜನರ ಹಿಂಬದಿ ಪೂರ್ತಿ ಖಾಲಿ. ಅಲ್ಲೇ 140 ಚೌಕ ಹೋಯಿತು. ಇವರು ಪುಟ ತಿರುಗಿಸಿಯೇ ಇಲ್ಲ. ಇನ್ನು 12 ಜನ ಕೊನೆಯ 3 ಪ್ರಶ್ನೆ ಬಿಟ್ಟಿದ್ದಾರೆ. ಅದು 36. ಆಮೇಲೆ 17ನೇ ಪ್ರಶ್ನೆ. ಅದೊಂದನ್ನೇ 31 ಜನ ಬಿಟ್ಟಿದ್ದಾರೆ. ಉಳಿದ 103 ಅಲ್ಲೊಂದು ಇಲ್ಲೊಂದು ಚೆದುರಿವೆ.

17ನೇ ಪ್ರಶ್ನೆ ಹೀಗಿದೆ: 'ನನ್ನ ದಾಂಪತ್ಯ ಅಥವಾ ಆಪ್ತ ಸಂಬಂಧದಲ್ಲಿ ನನಗೆ ನೆಮ್ಮದಿ ಇದೆ.' ಬರೆದಾಗ ಏನೂ ಅನ್ನಿಸಿರಲಿಲ್ಲ. ಈಗ ಓದಿದರೆ ಬೇಜಾರಾಗುತ್ತಿದೆ.

ಎಣಿಕೆಗಾರ

ನಿಮ್ಮ ಒಂದೇ ಫಾರಂನಲ್ಲಿ ಮೂರು ಬಗೆಯ ಖಾಲಿಯೂ ಸಿಕ್ಕಿದೆ. ವಿವರವಾಗಿ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಡೊನಾಲ್ಡ್ ರೂಬಿನ್ ಎಂಬ ಸಂಖ್ಯಾಶಾಸ್ತ್ರಜ್ಞರು 1976ರಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಯೋಚನೆ ಬೆಳೆಯಿತು. ಎಷ್ಟು ಖಾಲಿ ಎನ್ನುವುದಕ್ಕಿಂತ ಯಾಕೆ ಖಾಲಿ ಎನ್ನುವುದು ದೊಡ್ಡದು.

ಮೊದಲ ಬಗೆ: ಖಾಲಿ ಬಿದ್ದದ್ದಕ್ಕೂ ವ್ಯಕ್ತಿಗೂ ಸಂಬಂಧವೇ ಇಲ್ಲ. ಪುಟ ತಿರುಗಿಸದ 14 ಜನ ಹೆಚ್ಚುಕಡಿಮೆ ಈ ಬಗೆ. ನಿದ್ದೆ ಚೆನ್ನಾಗಿ ಬರುವವರೂ ಬರದವರೂ ಪುಟ ತಿರುಗಿಸಲು ಒಂದೇ ತರಹ ಮರೆಯುತ್ತಾರೆ ಎಂದು ಊಹಿಸಬಹುದು. ಇಂಥವರನ್ನು ಬಿಟ್ಟರೆ ಫಲಿತಾಂಶ ವಾಲುವುದಿಲ್ಲ, ಜನ ಕಡಿಮೆಯಾಗುತ್ತಾರೆ ಅಷ್ಟೆ.

ಎರಡನೇ ಬಗೆ: ಖಾಲಿ ಬಿದ್ದದ್ದಕ್ಕೆ ಕಾರಣ ಇದೆ, ಆದರೆ ಆ ಕಾರಣ ನಮ್ಮ ಕೈಯಲ್ಲಿರುವ ಬೇರೆ ಉತ್ತರಗಳಲ್ಲೇ ಸಿಗುತ್ತದೆ. ಕೊನೆಯ 3 ಪ್ರಶ್ನೆ ಬಿಟ್ಟ 12 ಜನರನ್ನು ನೋಡಿ. ಅವರು ವಯಸ್ಸಾದವರಾಗಿದ್ದು, ನಿಧಾನವಾಗಿ ಓದಿದ್ದರಿಂದ ಬಿಟ್ಟಿದ್ದರೆ, ವಯಸ್ಸು ನಿಮ್ಮ ಫೈಲ್‌ನಲ್ಲಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬಹುಪಾಲು ಸರಿಹೋಗುತ್ತದೆ.

ಮೂರನೇ ಬಗೆಯೇ ಕಷ್ಟ. ಖಾಲಿ ಬಿದ್ದ ಉತ್ತರವೇ ಖಾಲಿ ಬೀಳಲು ಕಾರಣ. ಸಂಬಂಧದಲ್ಲಿ ನೆಮ್ಮದಿ ಇಲ್ಲದವರೇ ಆ ಪ್ರಶ್ನೆ ಬಿಟ್ಟಿದ್ದರೆ, ನಮಗೆ ಬೇಕಾದ ಉತ್ತರವೇ ನಮ್ಮಿಂದ ಬಚ್ಚಿಟ್ಟುಕೊಂಡಿದೆ.

ಒಂದು ಎಚ್ಚರಿಕೆ. ರೋಡರಿಕ್ ಲಿಟಲ್ ಅವರು 1988ರಲ್ಲಿ ಕೊಟ್ಟ ಒಂದು ಪರೀಕ್ಷೆ ಸಾಫ್ಟ್‌ವೇರ್‌ಗಳಲ್ಲಿದೆ. ಖಾಲಿಗಳು ಮೊದಲ ಬಗೆಯವು ಹೌದೋ ಅಲ್ಲವೋ ಎಂದು ನೋಡಲು ಅದನ್ನು ಬಳಸುತ್ತಾರೆ. ಪಿ ಬೆಲೆ (ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೇ ಕಾಣುವ ಸಾಧ್ಯತೆ) 0.05ಕ್ಕಿಂತ ಜಾಸ್ತಿ ಬಂದ ಕೂಡಲೇ 'ಖಾಲಿಗಳು ಯಾದೃಚ್ಛಿಕ' ಎಂದು ಥೀಸಿಸ್‌ನಲ್ಲಿ ಬರೆದುಬಿಡುತ್ತಾರೆ. ಹಾಗೆ ಬರೆಯಬೇಡಿ. ಜನ ಕಡಿಮೆ ಇದ್ದಾಗ ಆ ಪರೀಕ್ಷೆಗೆ ವ್ಯತ್ಯಾಸ ಕಾಣದೇ ಹೋಗಬಹುದು. ಇನ್ನು ಎರಡನೇ ಬಗೆಗೂ ಮೂರನೇ ಬಗೆಗೂ ಇರುವ ವ್ಯತ್ಯಾಸವನ್ನು ಡೇಟಾ ಒಂದರಿಂದಲೇ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಅದಕ್ಕೆ ಬೇಕಾದ ಉತ್ತರವೇ ಕಾಣೆಯಾಗಿದೆಯಲ್ಲ.

ಕೌನ್ಸೆಲಿಂಗ್ ಕೋಣೆ

ನಾನು ಸಂಶೋಧಕಿಯಲ್ಲ, ದಿನಾ ಜನರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವವಳು. ಇಲ್ಲಿ ಒಂದು ಮಾತು ಸೇರಿಸಲೇಬೇಕು.

ಖಿನ್ನತೆಗೆ ಬಳಸುವ ಪಿಎಚ್‌ಕ್ಯೂ-9 ನಿಮಗೆಲ್ಲ ಗೊತ್ತು. 9 ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. ಒಂದೋ ಎರಡೋ ಉತ್ತರ ಖಾಲಿ ಇದ್ದರೆ ಉಳಿದವುಗಳ ಸರಾಸರಿ ಹಾಕಿ ಸ್ಕೋರ್ ಮಾಡಬಹುದು, ಅದಕ್ಕಿಂತ ಜಾಸ್ತಿ ಖಾಲಿ ಇದ್ದರೆ ಸ್ಕೋರ್ ಮಾಡಬೇಡಿ ಎಂದು ಅದರ ಸೂಚನೆಯಲ್ಲಿದೆ. ಸರಿ. ಆದರೆ ಆ 9ನೇ ಪ್ರಶ್ನೆ ಸಾಯುವ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಗ್ಗೆ. ಅದು ಖಾಲಿ ಇದ್ದಾಗ ಯಾವ ಸರಾಸರಿಯೂ ಕೆಲಸಕ್ಕೆ ಬಾರದು. ಆ ಪ್ರಶ್ನೆ ಇರುವುದು ಒಟ್ಟು ಸ್ಕೋರ್‌ಗಾಗಿ ಮಾತ್ರ ಅಲ್ಲ.

ನನ್ನ ಹತ್ತಿರ ಬಂದಿದ್ದ ಒಬ್ಬರು ಎಂಟೂ ಪ್ರಶ್ನೆಗೆ ಅಚ್ಚುಕಟ್ಟಾಗಿ ಗುರುತು ಹಾಕಿ ಅದೊಂದನ್ನು ಬಿಟ್ಟಿದ್ದರು. ಒಟ್ಟು 8. ಪ್ರಮಾಣದಲ್ಲಿ ಸಣ್ಣದು. ಫಾರಂ ಕೈಯಲ್ಲಿ ಹಿಡಿದು, 'ಇದೊಂದು ಬಿಟ್ಟುಹೋಗಿದೆ ನೋಡಿ, ಬೇಕಂತಲೇ ಬಿಟ್ಟಿರಾ?' ಎಂದು ಮೆಲ್ಲಗೆ ಕೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ದಿನದ ಪೂರ್ತಿ ಮಾತು ಅದರ ಬಗ್ಗೆಯೇ ಆಯಿತು. ಇನ್ನು ಹೆಚ್ಚು ವಿವರ ಬರೆಯಲಾರೆ.

ಹಾಗಾಗಿ ಒಬ್ಬ ವ್ಯಕ್ತಿ ಎದುರಿಗೆ ಇರುವಾಗ ಖಾಲಿಗೆ ಮದ್ದು ಲೆಕ್ಕವಲ್ಲ, ಕೇಳುವುದು. ಫಾರಂ ವಾಪಸ್ ಪಡೆದ ಕೂಡಲೇ ಒಮ್ಮೆ ಕಣ್ಣಾಡಿಸಿ. ಮೂವತ್ತು ಸೆಕೆಂಡ್ ಸಾಕು. ಎಂಎಂಪಿಐ-2ರಂಥ 567 ಹೇಳಿಕೆಗಳ ವ್ಯಕ್ತಿತ್ವ ಪರೀಕ್ಷೆಯಲ್ಲಿ ಬಿಟ್ಟ ಉತ್ತರಗಳನ್ನು ಎಣಿಸಲೆಂದೇ ಒಂದು ಅಳತೆ ಇದೆ. 30 ಅಥವಾ ಹೆಚ್ಚು ಬಿಟ್ಟಿದ್ದರೆ ಆ ಫಾರಂ ನಂಬಲರ್ಹವಲ್ಲ ಎಂದು ನೋಡುತ್ತಾರೆ. ಯಾಕೆಂದರೆ ಬಿಟ್ಟ ಹೇಳಿಕೆ ಯಾವ ಸ್ಕೇಲ್‌ಗೂ ಅಂಕ ಕೊಡುವುದಿಲ್ಲ. ಸ್ಕೋರ್ ಸುಮ್ಮನೆ ಕೆಳಗಿಳಿಯುತ್ತದೆ. ತೊಂದರೆ ಇದ್ದರೂ ಇಲ್ಲದಂತೆ ಕಾಣುತ್ತದೆ.

ನೇರ ಮಾತು

ಮೇಲಿನದು ಓದಿ ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ಒಬ್ಬರ ಚಿಕಿತ್ಸೆಯ ವಿಷಯ ಬೇರೆ, ಒಪ್ಪಿದೆ. ಆದರೆ 240 ಜನರ ಸಂಶೋಧನೆಯಲ್ಲಿ ವ್ಯಕ್ತಿಯ ಸರಾಸರಿ ಹಾಕಿದರೆ ತಪ್ಪೇನು ಅಂತ ಇನ್ನೂ ಗೊತ್ತಾಗಲಿಲ್ಲ. ಪ್ರಶ್ನೆಯ ಸರಾಸರಿಗಿಂತ ಅದು ವಾಸಿ ಅಲ್ವಾ?

ಎಣಿಕೆಗಾರ

ವಾಸಿ, ಖಂಡಿತ. ಒಂದೇ ವಿಷಯ ಅಳೆಯುವ ಪ್ರಶ್ನೆಗಳು, ಒಂದೋ ಎರಡೋ ಖಾಲಿ, ಪ್ರಶ್ನೆಗಳ ಸರಾಸರಿಗಳೂ ಹತ್ತಿರ ಹತ್ತಿರ. ಹೀಗಿದ್ದರೆ ದೊಡ್ಡ ಅನಾಹುತ ಆಗುವುದಿಲ್ಲ. ಅದಕ್ಕೇ ಅಷ್ಟು ಜನ ಬಳಸುತ್ತಾರೆ.

ತೊಂದರೆ ಎಲ್ಲಿ ಅಂದ್ರೆ, ಎಲ್ಲ ಪ್ರಶ್ನೆಗಳೂ ಒಂದೇ ತೂಕದವಲ್ಲ. 'ದಣಿವಾಗುತ್ತದೆ' ಎಂದು ಒಪ್ಪಿಕೊಳ್ಳುವುದು ಸುಲಭ. 'ಬದುಕೇ ಬೇಡ ಅನ್ನಿಸುತ್ತದೆ' ಎಂದು ಒಪ್ಪಿಕೊಳ್ಳುವವರು ಕಡಿಮೆ. ಒಬ್ಬರ ಉಳಿದ ಉತ್ತರಗಳ ಸರಾಸರಿ 1.5 ಇದೆ ಅನ್ನಿ. ಖಾಲಿ ಬಿದ್ದದ್ದು ಯಾರೂ ಅಷ್ಟಾಗಿ ಒಪ್ಪದ ಪ್ರಶ್ನೆ, ಅದರ ಸರಾಸರಿ 0.2. ಇಡೀ ಗುಂಪಿನ ಎಲ್ಲ ಪ್ರಶ್ನೆಗಳ ಸರಾಸರಿ 0.8. ವ್ಯಕ್ತಿಯ ಸರಾಸರಿ ವಿಧಾನ ಅಲ್ಲಿ 1.5 ಹಾಕುತ್ತದೆ. ಆ ಪ್ರಶ್ನೆಗೆ ಅದು ತೀರಾ ಹೆಚ್ಚು. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿ ಒಂದಿದೆ: ವ್ಯಕ್ತಿಯ ಸರಾಸರಿಗೆ ಪ್ರಶ್ನೆಯ ಸರಾಸರಿ ಕೂಡಿಸಿ, ಒಟ್ಟು ಸರಾಸರಿ ಕಳೆಯಿರಿ. 1.5 ಕೂಡಿಸು 0.2, ಕಳೆ 0.8. ಉತ್ತರ 0.9. ಇದಕ್ಕೆ ಟು-ವೇ ಇಂಪ್ಯುಟೇಶನ್ (ಎರಡು ಕಡೆಯಿಂದ ಅಂದಾಜಿಸಿ ಖಾಲಿ ತುಂಬುವುದು) ಎನ್ನುತ್ತಾರೆ. ಇದರ ಮೇಲೆ ಸ್ವಲ್ಪ ಯಾದೃಚ್ಛಿಕ ಏರಿಳಿತವನ್ನೂ ಸೇರಿಸುತ್ತಾರೆ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ವ್ಯಕ್ತಿಯ ಸರಾಸರಿ ಹಾಕಿದಾಗ ಆ ಪ್ರಶ್ನೆ ಅವರ ಉಳಿದ ಪ್ರಶ್ನೆಗಳ ಜತೆ ಅತಿಯಾಗಿ ಹೊಂದಿಕೊಳ್ಳುತ್ತದೆ. ಕ್ರಾನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಉಬ್ಬುತ್ತದೆ. ನಿಮ್ಮ ಸ್ಕೇಲ್ ನಿಜಕ್ಕಿಂತ ಚೆನ್ನಾಗಿದೆ ಎಂದು ನೀವೇ ನಂಬಿಬಿಡುತ್ತೀರಿ. ಜತೆಗೆ ಒಬ್ಬರಿಗೆ 10 ಪ್ರಶ್ನೆಯ ಸ್ಕೋರ್, ಇನ್ನೊಬ್ಬರಿಗೆ ಬೇರೆಯೇ 8 ಪ್ರಶ್ನೆಯ ಸ್ಕೋರ್. ಹೆಸರು ಒಂದೇ, ಅಳತೆ ಬೇರೆ. ಮಾಝಾ, ಎಂಡರ್ಸ್, ರೂಲ್ಮನ್ ಅವರ 2015ರ ಲೇಖನ ಇದೇ ವಿಧಾನವನ್ನು, ಖಾಲಿ ತುಂಬದೆ ಇರುವ ಉತ್ತರಗಳನ್ನೆಲ್ಲ ಬಳಸಿ ಲೆಕ್ಕ ಮಾಡುವ ಫುಲ್ ಇನ್ಫರ್ಮೇಶನ್ ಮ್ಯಾಕ್ಸಿಮಮ್ ಲೈಕ್ಲಿಹುಡ್ ಜತೆ ಹೋಲಿಸಿ ನೋಡಿತು. ವ್ಯಕ್ತಿಯ ಸರಾಸರಿ ವಿಧಾನ ಫಲಿತಾಂಶವನ್ನು ವಾಲಿಸಬಲ್ಲದು ಎಂದು ತೋರಿಸಿತು.

ಮರೆಯುವ ಮೊದಲು: ರಿವರ್ಸ್ ಪ್ರಶ್ನೆಗಳ (ಉಲ್ಟಾ ಅರ್ಥದಲ್ಲಿ ಕೇಳಿದವು) ಅಂಕಗಳನ್ನು ತಿರುಗಿಸಿದ ಮೇಲೆ ಮಾತ್ರ ಯಾವುದೇ ಸರಾಸರಿ ತೆಗೆಯಿರಿ. ಮೊದಲೇ ತೆಗೆದರೆ 'ನೆಮ್ಮದಿ ಇದೆ' ಎಂಬುದಕ್ಕೂ 'ನೆಮ್ಮದಿ ಇಲ್ಲ' ಎಂಬುದಕ್ಕೂ ಒಂದೇ ಅಂಕಿ ಬಿದ್ದಿರುತ್ತದೆ.

ಹಳೇ ಫೈಲ್

ನಾನು ಡೇಟಾ ಎಂಟ್ರಿ ಕಡೆಯವನು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಖಾಲಿ ಉತ್ತರಕ್ಕೆ 9 ಅಂತ ಕೋಡ್ ಹಾಕುವ ರೂಢಿ ಇತ್ತು. ಅದು ಮಿಸ್ಸಿಂಗ್ ಎಂದು ಸಾಫ್ಟ್‌ವೇರ್‌ಗೆ ಹೇಳುವುದನ್ನು ಯಾರೋ ಮರೆತರು. 0ಯಿಂದ 3ರ ಸ್ಕೇಲ್‌ನಲ್ಲಿ 9 ಸೇರಿಕೊಂಡಿತು. ಎರಡು ಪ್ರಶ್ನೆ ಬಿಟ್ಟವರಿಗೆ ಅದರಿಂದಲೇ 18 ಅಂಕ. ತುಂಬಾ ಆರೋಗ್ಯವಾಗಿದ್ದವರು ತೀವ್ರ ಖಿನ್ನತೆಯ ಪಟ್ಟಿಯಲ್ಲಿ ಬಂದರು. ವರದಿ ಹೊರಗೆ ಹೋಗುವ ಹಿಂದಿನ ದಿನ ಸಿಕ್ಕಿತು. ಆ ರಾತ್ರಿ ನನಗೆ ಇನ್ನೂ ನೆನಪಿದೆ.

ಉಲ್ಟಾ ತಪ್ಪೂ ಇದೆ, ಅದು ಇನ್ನೂ ಮೋಸದ್ದು. ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಸಾಲಿನ ಮೊತ್ತ ತೆಗೆಯುವಾಗ 'ಎನ್‌ಎ (ಖಾಲಿ) ಬಿಟ್ಟು ಕೂಡಿಸು' ಎಂದರೆ, ಖಾಲಿ ಇದ್ದದ್ದು 0 ಆದ ಹಾಗೆಯೇ ಲೆಕ್ಕ. ಎಲ್ಲವನ್ನೂ ಖಾಲಿ ಬಿಟ್ಟವರಿಗೆ ಒಟ್ಟು 0 ಬರುತ್ತದೆ. ಎಲ್ಲದಕ್ಕೂ 'ಒಂದು ದಿನವೂ ಇಲ್ಲ' ಎಂದವರಿಗೂ 0. ಇಬ್ಬರೂ ಒಂದೇ ಆಗಿಬಿಟ್ಟರು.

ಆದ್ದರಿಂದ ಥೀಸಿಸ್‌ನವರೇ, ಖಾಲಿಗೆ ಒಂದೇ ಕೋಡ್ ಬೇಡ. ಅನ್ವಯಿಸುವುದಿಲ್ಲ ಎನ್ನುವುದಕ್ಕೆ -7, ಹೇಳಲು ಇಷ್ಟವಿಲ್ಲ ಎನ್ನುವುದಕ್ಕೆ -8, ಬರೀ ಖಾಲಿಗೆ -9 ಹೀಗೆ ಇಡಿ. ಮೂರನ್ನೂ ಮಿಸ್ಸಿಂಗ್ ಎಂದು ಘೋಷಿಸಿ. ಮೂಲ ಫಾರಂಗಳನ್ನು ಬಿಸಾಡಬೇಡಿ.

ಮೂರನೇ ಬೆಂಚು

ಒಂದು ಅನುಮಾನ. ನಮ್ಮ ಓದಿನಲ್ಲಿ ಮಲ್ಟಿಪಲ್ ಇಂಪ್ಯುಟೇಶನ್ ಅಂತ ಬರುತ್ತದೆ. ಕಂಪ್ಯೂಟರ್ ಉತ್ತರ ಕಟ್ಟಿ ಹಾಕುತ್ತದೆ. ಅದು ಸುಳ್ಳು ಡೇಟಾ ಅಲ್ವಾ? ಕೇಳದ ಉತ್ತರವನ್ನು ನಾವೇ ಬರೆದುಕೊಂಡರೆ ಅದಕ್ಕೆ ಸಂಶೋಧನೆ ಅಂತಾರಾ?

ಎಣಿಕೆಗಾರ

ಈ ಪ್ರಶ್ನೆ ಮನಸ್ಸಿಗೆ ಬರಲೇಬೇಕು. ಬರದವರ ಕೈಯಲ್ಲಿ ಈ ವಿಧಾನ ಅಪಾಯ.

ಒಂದು ಸಲ ಮಾತ್ರ ತುಂಬಿ, ಅದನ್ನೇ ನಿಜವಾದ ಉತ್ತರ ಎಂದು ನಡೆದುಕೊಂಡರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಮಲ್ಟಿಪಲ್ ಇಂಪ್ಯುಟೇಶನ್ ಹಾಗೆ ಮಾಡುವುದಿಲ್ಲ. ಅದು ಒಬ್ಬರ ಉತ್ತರ ಕಂಡುಹಿಡಿದೆ ಎಂದು ಹೇಳುವುದೇ ಇಲ್ಲ. 'ಇವರ ಉಳಿದ ಉತ್ತರ ನೋಡಿದರೆ ಇದು 2 ಇರಬಹುದು, 1 ಇರಬಹುದು, ಅಪರೂಪಕ್ಕೆ 3 ಇರಬಹುದು' ಎಂದು ಹಲವು ಪ್ರತಿಗಳನ್ನು ಮಾಡುತ್ತದೆ. 40 ಪ್ರತಿ ಮಾಡಿದಿರಿ ಅನ್ನಿ. ಖಾಲಿ ಇದ್ದ ಚೌಕದಲ್ಲಿ 40 ಪ್ರತಿಯಲ್ಲೂ ಒಂದೇ ಅಂಕಿ ಇರುವುದಿಲ್ಲ. ಪ್ರತಿಯೊಂದರಲ್ಲೂ ಬೇರೆಯಾಗಿ ರಿಗ್ರೆಶನ್ ಮಾಡುತ್ತೀರಿ, ಕೊನೆಗೆ ಒಟ್ಟುಗೂಡಿಸುತ್ತೀರಿ. ಪ್ರತಿಗಳ ನಡುವೆ ಉತ್ತರ ಎಷ್ಟು ಅಲ್ಲಾಡುತ್ತದೋ ಅದೇ ನಮ್ಮ ಅಜ್ಞಾನದ ಅಳತೆ. ಅದನ್ನು ಸ್ಟ್ಯಾಂಡರ್ಡ್ ಎರರ್‌ಗೆ ಸೇರಿಸುತ್ತಾರೆ.

ಅಂಕಿಯಲ್ಲಿ ನೋಡಿ. ಪ್ರತಿಗಳ ಒಳಗಿನ ಸರಾಸರಿ ವೇರಿಯನ್ಸ್ 0.010. ಪ್ರತಿಗಳ ನಡುವಿನದು 0.004. ಈ ಉದಾಹರಣೆಯಲ್ಲಿ ಪ್ರತಿಗಳು 20. ರೂಬಿನ್ ನಿಯಮದಂತೆ ಒಟ್ಟು ವೇರಿಯನ್ಸ್ 0.010 ಕೂಡಿಸು 1.05 (1 ಮತ್ತು ಇಪ್ಪತ್ತನೇ ಒಂದು ಭಾಗ) ಗುಣಿಸು 0.004. ಅಂದ್ರೆ 0.0142. ಸ್ಟ್ಯಾಂಡರ್ಡ್ ಎರರ್ 0.100 ಇದ್ದದ್ದು 0.119 ಆಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದಕ್ಕೆ ಕೊಟ್ಟ ಬೆಲೆ ಅದು. ಸುಳ್ಳು ಡೇಟಾ ಕಟ್ಟುವವರು ಈ ಬೆಲೆ ಕೊಡುವುದಿಲ್ಲ.

ಎಷ್ಟು ಪ್ರತಿ ಬೇಕು? ಮೊದಲು 3ರಿಂದ 5 ಸಾಕು ಎನ್ನುತ್ತಿದ್ದರು. ಆಗ ಕಂಪ್ಯೂಟರ್‌ಗಳು ನಿಧಾನ. ವೈಟ್, ರಾಯ್ಸ್ಟನ್, ವುಡ್ ಅವರು 2011ರಲ್ಲಿ ಒಂದು ಸುಲಭ ಸೂತ್ರ ಹೇಳಿದರು: ಎಷ್ಟು ಶೇಕಡಾ ಫಾರಂ ಅಪೂರ್ಣವೋ ಕನಿಷ್ಠ ಅಷ್ಟು ಪ್ರತಿ. ಇಲ್ಲಿ 240ರಲ್ಲಿ 82, ಅಂದ್ರೆ 34 ಶೇಕಡಾ. 40 ಇಟ್ಟರೆ ನಿಶ್ಚಿಂತೆ. ಆರ್‌ನಲ್ಲಿ 'ಮೈಸ್' ಎಂಬ ಪ್ಯಾಕೇಜ್ ಇದಕ್ಕೆ ಪ್ರಸಿದ್ಧ. ಸ್ಟೆಫ್ ಫಾನ್ ಬ್ಯೂರನ್ ಮತ್ತು ಜತೆಗಾರರು ಮಾಡಿದ್ದು.

ಮೂರನೇ ಬೆಂಚು

ಈಗ ಅರ್ಥವಾಯಿತು. ಇನ್ನೊಂದು. ಆತಂಕದಿಂದ ನಿದ್ದೆ ಹೇಗೆ ಕೆಡುತ್ತದೆ ಎಂದು ನೋಡುವುದು ಈ ಥೀಸಿಸ್‌ನ ಗುರಿ. ನಿದ್ದೆಯ ಖಾಲಿ ತುಂಬುವಾಗ ಆತಂಕದ ಸ್ಕೋರ್ ಬಳಸಬಹುದಾ? ಸುತ್ತಿ ಬಳಸಿ ನಮ್ಮ ಊಹೆಯನ್ನೇ ನಾವು ಸಾಬೀತು ಮಾಡಿದ ಹಾಗಾಗುವುದಿಲ್ಲವೇ?

ಎಣಿಕೆಗಾರ

ಬಳಸಲೇಬೇಕು. ಬಿಟ್ಟರೆ, ತುಂಬಿದ ಉತ್ತರಗಳಲ್ಲಿ ಆತಂಕಕ್ಕೂ ನಿದ್ದೆಗೂ ಸಂಬಂಧವೇ ಇಲ್ಲ ಎಂದು ನೀವೇ ತೀರ್ಮಾನಿಸಿದಂತೆ. ಆಗ ಇರುವ ಸಂಬಂಧ ಸೊರಗುತ್ತದೆ. ಮುಂದಿನ ಲೆಕ್ಕದಲ್ಲಿ ಬರುವುದೆಲ್ಲ ತುಂಬುವ ಮಾದರಿಯಲ್ಲೂ ಇರಬೇಕು. ಮುಂದೆ ಬೇಡದಿದ್ದರೂ ವಯಸ್ಸು, ವೈವಾಹಿಕ ಸ್ಥಿತಿ, ಫಾರಂ ತುಂಬಲು ತೆಗೆದುಕೊಂಡ ಸಮಯ ಇಂಥವನ್ನೂ ಸೇರಿಸಿದರೆ ಒಳ್ಳೆಯದು. ಖಾಲಿ ಯಾಕೆ ಬಿತ್ತು ಎಂಬುದರ ಸುಳಿವು ಅವುಗಳಲ್ಲಿದೆ.

ಇನ್ನೆರಡು ಮಾತು. ಸ್ಕೋರ್‌ಗಳನ್ನು ಅಲ್ಲ, ಪ್ರಶ್ನೆಗಳನ್ನು ತುಂಬಿ. 10ರಲ್ಲಿ 1 ಖಾಲಿ ಎಂದು ಇಡೀ ಸ್ಕೋರನ್ನೇ ಕಾಣೆ ಎಂದು ಬಿಟ್ಟು ಮತ್ತೆ ಊಹಿಸಿದರೆ, ಕೈಯಲ್ಲಿರುವ 9 ಉತ್ತರ ವ್ಯರ್ಥ. ತುಂಬಿದ ಮೇಲೆ ಪ್ರತಿಯೊಂದು ಪ್ರತಿಯಲ್ಲೂ ಕೂಡಿಸಿ ಸ್ಕೋರ್ ಮಾಡಿ. ಎರಡನೆಯದು, 1.7 ಬಂದರೆ 2 ಎಂದು ದುಂಡಾಗಿಸುವ ಆಸೆ ಬರುತ್ತದೆ. ಹಾಗೆ ದುಂಡಾಗಿಸುವುದೇ ಫಲಿತಾಂಶವನ್ನು ವಾಲಿಸಬಹುದು. ಪೂರ್ಣಾಂಕವೇ ಬೇಕಿದ್ದರೆ ಪ್ರೆಡಿಕ್ಟಿವ್ ಮೀನ್ ಮ್ಯಾಚಿಂಗ್ ಬಳಸಿ. ಅದು ಅಂಥದೇ ಇನ್ನೊಬ್ಬರು ನಿಜವಾಗಿ ಕೊಟ್ಟ ಉತ್ತರವನ್ನು ಎರವಲು ತರುತ್ತದೆ.

ಪ್ರಶ್ನೆ ಕಟ್ಟುವವರು

ಇಲ್ಲಿವರೆಗೆ ಬಂದದ್ದೆಲ್ಲ ಮನೋಭಾವದ ಪ್ರಶ್ನಾವಳಿ ಬಗ್ಗೆ. ಸಾಮರ್ಥ್ಯ ಪರೀಕ್ಷೆಯಲ್ಲಿ ವಿಷಯವೇ ಬೇರೆ. ಯಾರಾದರೂ ಇದನ್ನು ಓದಿ ಬುದ್ಧಿಮತ್ತೆ ಪರೀಕ್ಷೆಗೂ ಹೀಗೇ ಮಾಡಿಯಾರು ಎಂಬ ಭಯಕ್ಕೆ ಬರೆಯುತ್ತಿದ್ದೇನೆ.

ವೆಕ್ಸ್ಲರ್ ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ಸತತವಾಗಿ ಇಷ್ಟು ತಪ್ಪಾದರೆ ನಿಲ್ಲಿಸಿ ಎಂಬ ನಿಯಮ ಇದೆ. ಆಮೇಲಿನ ಪ್ರಶ್ನೆಗಳು ಖಾಲಿ, ಆದರೆ ಅವು ಕಾಣೆಯಾದ ಉತ್ತರ ಅಲ್ಲ. ಅವುಗಳಿಗೆ 0 ಎಂದೇ ಲೆಕ್ಕ. ಶುರುವಿನ ಸುಲಭ ಪ್ರಶ್ನೆಗಳನ್ನು ಕೇಳದೆ ಬಿಟ್ಟಿದ್ದರೆ ಅವುಗಳಿಗೆ ಪೂರ್ತಿ ಅಂಕ. ಒಂದೇ ಹಾಳೆಯಲ್ಲಿ ಒಂದು ಖಾಲಿಗೆ ಪೂರ್ತಿ ಅಂಕ, ಇನ್ನೊಂದಕ್ಕೆ ಸೊನ್ನೆ.

ಸಮಯ ನಿಗದಿಯಾದ ಪರೀಕ್ಷೆಯಲ್ಲಿ ನಡುವೆ ಹಾರಿಸಿದ ಪ್ರಶ್ನೆ ಬೇರೆ, ಸಮಯ ಸಾಲದೆ ತಲುಪದ ಪ್ರಶ್ನೆ ಬೇರೆ. ಹಾರಿಸಿದವರು ಓದಿದ್ದಾರೆ, ಬಿಟ್ಟಿದ್ದಾರೆ. ತಲುಪದವರು ನೋಡಿಯೇ ಇಲ್ಲ. ಪೀಸಾ ಎಂಬ ಅಂತರರಾಷ್ಟ್ರೀಯ ಶಾಲಾ ಮೌಲ್ಯಮಾಪನದಲ್ಲಿ ತಲುಪದ ಪ್ರಶ್ನೆಗಳನ್ನು ಮೊದಲು ವಿದ್ಯಾರ್ಥಿಯ ಸ್ಕೋರ್‌ನಲ್ಲಿ ತಪ್ಪು ಎಂದು ಎಣಿಸುತ್ತಿದ್ದರು. 2015ರಿಂದ ಅವನ್ನು ಕೇಳಲೇ ಇಲ್ಲ ಎಂಬಂತೆ ನೋಡುತ್ತಾರೆ. ಬರೀ ಖಾಲಿಯ ಲೆಕ್ಕ ಬದಲಾದರೆ ಸ್ಕೋರ್‌ಗಳೂ ಅಲ್ಲಾಡುತ್ತವೆ. ಇದು ಸಣ್ಣ ವಿಷಯವಲ್ಲ.

ಹಾಗೇ, ಬೇಕಂತಲೇ ಖಾಲಿ ಬಿಡುವ ವಿನ್ಯಾಸವೂ ಇದೆ. ಪ್ರಶ್ನೆಗಳನ್ನು ನಾಲ್ಕು ಕಂತೆ ಮಾಡಿ, ಒಂದು ಕಂತೆ ಎಲ್ಲರಿಗೂ, ಉಳಿದ ಮೂರರಲ್ಲಿ ಎರಡೆರಡನ್ನು ಮಾತ್ರ ಒಬ್ಬೊಬ್ಬರಿಗೆ ಕೊಡುತ್ತಾರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ. ಆ ಖಾಲಿಗೆ ಕಾರಣ ನಾವೇ, ಅದಕ್ಕೇ ಅದು ಮೊದಲ ಬಗೆಯ ಖಾಲಿ. ಜನರಿಗೆ ಸುಸ್ತಾಗುವುದೂ ಕಡಿಮೆ.

ಥೀಸಿಸ್‌ನವರಿಗೆ ಒಂದು ಕೆಲಸ: 17 ಬಿಟ್ಟ 31 ಜನರನ್ನು ವೈವಾಹಿಕ ಸ್ಥಿತಿಯ ಜತೆ ಅಡ್ಡಟೇಬಲ್ ಮಾಡಿ.

ನೇರ ಮಾತು

ಮುಂದಿನ ಸಲ ಆನ್‌ಲೈನ್ ಫಾರಂ ಮಾಡಿ, ಉತ್ತರ ಕಡ್ಡಾಯ ಎಂದು ಇಟ್ಟರೆ ಈ ತಲೆನೋವೇ ಇರುವುದಿಲ್ಲ.

ಕೌನ್ಸೆಲಿಂಗ್ ಕೋಣೆ

ದಯವಿಟ್ಟು ಬೇಡ. ಯಾವ ಪ್ರಶ್ನೆಗೂ ಉತ್ತರಿಸದಿರುವ ಹಕ್ಕು ನಿಮಗಿದೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆದಿರುತ್ತೇವೆ. ಆಮೇಲೆ ಗುರುತು ಹಾಕದೆ ಮುಂದೆ ಹೋಗಲು ಬಿಡದಿದ್ದರೆ ಆ ಮಾತಿಗೆ ಬೆಲೆ ಎಲ್ಲಿ? ಹೇಳಲಾರದವರು ನಡುವಿನದ್ದನ್ನು ಒತ್ತಿ ಮುಂದೆ ಹೋಗುತ್ತಾರೆ, ಇಲ್ಲವೇ ಫಾರಂ ಮುಚ್ಚುತ್ತಾರೆ. ಖಾಲಿ ಕಣ್ಣಿಗೆ ಕಾಣುತ್ತದೆ. ಒತ್ತಾಯದ ಉತ್ತರ ಕಾಣುವುದಿಲ್ಲ. 'ಹೇಳಲು ಇಷ್ಟವಿಲ್ಲ' ಎಂಬ ಚೌಕ ಕೊಡಿ. ಅರಿವಿಲ್ಲದೆ ಬಿಟ್ಟಿದ್ದರೆ 'ಒಂದು ಪ್ರಶ್ನೆ ಬಿಟ್ಟಿದ್ದೀರಿ' ಎಂದು ಒಮ್ಮೆ ನೆನಪಿಸಿ, ಅಷ್ಟು ಸಾಕು.

ಮೊದಲ ಥೀಸಿಸ್

ಅಡ್ಡಟೇಬಲ್ ಮಾಡಿದೆ. 31 ಜನರಲ್ಲಿ 19 ಜನ ಅವಿವಾಹಿತರು, 12 ಜನ ವಿವಾಹಿತರು. ಆ 19 ಜನರಲ್ಲಿ ನಾಲ್ವರು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಿದ್ದಾರೆ. ಎಂಟ್ರಿ ಮಾಡುವಾಗ ನಾನೇ ಗಮನಿಸಿರಲಿಲ್ಲ. 'ದಾಂಪತ್ಯ' ಎಂಬ ಪದ ನೋಡಿಯೇ ಅವರು ತಮಗಲ್ಲ ಎಂದುಕೊಂಡಿರಬೇಕು.

ಆ 12 ವಿವಾಹಿತರ ಆತಂಕದ ಸ್ಕೋರ್ ಉಳಿದ ವಿವಾಹಿತರಿಗಿಂತ ಜಾಸ್ತಿ ಇದೆ. ನೋಡಿದಾಗ ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ. ಫಾರಂನಲ್ಲಿ ಹೆಸರಿಲ್ಲ, ಹೋಗಿ ಕೇಳಲೂ ಆಗದು. ಈ ಒಂದು ಪ್ರಶ್ನೆಯನ್ನು ಏನು ಮಾಡಲಿ?

ಎಣಿಕೆಗಾರ

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮುಖ್ಯ ಲೆಕ್ಕದಲ್ಲಿ 17ನ್ನು ಎಲ್ಲರಿಗೂ ತೆಗೆದು, ನೆಮ್ಮದಿಯನ್ನು 9 ಪ್ರಶ್ನೆಯ ಸ್ಕೇಲ್ ಮಾಡುವುದು. ಆಗ ಎಲ್ಲರಿಗೂ ಒಂದೇ ಅಳತೆ. ಉಳಿದ ಖಾಲಿಗಳಿಗೆ 40 ಪ್ರತಿಯ ಇಂಪ್ಯುಟೇಶನ್.

ಆಮೇಲೆ ವಿವಾಹಿತರನ್ನು ಮಾತ್ರ ಇಟ್ಟುಕೊಂಡು 17ರ ಸಮೇತ ಇನ್ನೊಂದು ಲೆಕ್ಕ. ಅಲ್ಲಿ ಆ 12 ಜನರಿಗೆ ತುಂಬಿದ ಉತ್ತರವನ್ನು ಬೇಕಂತಲೇ ಕೆಳಗಿಳಿಸಿ ನೋಡಿ. ಮೊದಲು ಇದ್ದ ಹಾಗೆ, ಆಮೇಲೆ 0.5 ಕಳೆದು, ಆಮೇಲೆ 1 ಕಳೆದು. ನೆಮ್ಮದಿ ಕಡಿಮೆ ಇದ್ದವರೇ ಬಿಟ್ಟಿರಬಹುದು ಎಂಬ ಅನುಮಾನವನ್ನು ಅಂಕಿಯಲ್ಲಿ ಬರೆದಂತೆ ಅದು. ಮೂರರಲ್ಲೂ ತೀರ್ಮಾನ ಒಂದೇ ಇದ್ದರೆ ಧೈರ್ಯವಾಗಿ ಬರೆಯಿರಿ. ಬದಲಾದರೆ ಎಲ್ಲಿ ಬದಲಾಯಿತು ಎಂದು ಬರೆಯಿರಿ. ಎರಡೂ ಗೌರವದ ಉತ್ತರವೇ.

ಥೀಸಿಸ್‌ನಲ್ಲಿ ಮುಚ್ಚಿಡಬೇಡಿ. ಎಷ್ಟು ಖಾಲಿ, ಯಾವ ಪ್ರಶ್ನೆಯಲ್ಲಿ, ಯಾಕೆ ಎಂದು ನಿಮಗನ್ನಿಸಿತು, ಯಾವ ವಿಧಾನ, ಎಷ್ಟು ಪ್ರತಿ, ಮಾದರಿಯಲ್ಲಿ ಏನೇನು ಸೇರಿಸಿದಿರಿ. ಪೂರ್ತಿ ತುಂಬಿದ 158 ಜನರ ಫಲಿತಾಂಶವನ್ನೂ ಪಕ್ಕದಲ್ಲಿ ಕೊಡಿ.

ಮೊದಲ ಥೀಸಿಸ್

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ನೀವು ಹೇಳಿದಂತೆ ಮಾಡಿದೆ. 240 ಜನರೂ ಲೆಕ್ಕದಲ್ಲಿ ಉಳಿದರು. ಆತಂಕಕ್ಕೂ ನಿದ್ದೆಗೂ ಇರುವ ಸಂಬಂಧ 158 ಜನರಲ್ಲಿ ಕಂಡ ದಿಕ್ಕಿನಲ್ಲೇ ಇದೆ. ವಿವಾಹಿತರ ಲೆಕ್ಕದಲ್ಲಿ ಮಾತ್ರ, 1 ಕಳೆದಾಗ ನೆಮ್ಮದಿ ಮತ್ತು ಆತಂಕದ ಸಂಬಂಧ ಸ್ವಲ್ಪ ಗಟ್ಟಿಯಾಯಿತು. ಅದನ್ನು ಹಾಗೆಯೇ ಬರೆದಿದ್ದೇನೆ. ಅಡ್ಡಗೆರೆ ಎಳೆದ ನಾಲ್ಕು ಫಾರಂಗಳ ಬಗ್ಗೆಯೂ ಒಂದು ಪ್ಯಾರಾ ಇದೆ.

ಒಂದೇ ಒಂದು ತೊಂದರೆ. ನಿನ್ನೆ ಪೂರ್ತಿ ಮತ್ತೆ ಓಡಿಸಿದರೆ ಮೂರನೇ ದಶಮಾಂಶದಲ್ಲಿ ಅಂಕಿ ಬೇರೆ ಬಂತು. ಏನೋ ತಪ್ಪಾಯಿತಾ?

ಎಣಿಕೆಗಾರ

ತಪ್ಪಲ್ಲ. ಪ್ರತಿ ಸಲ ಹೊಸದಾಗಿ ಚೀಟಿ ಎತ್ತುತ್ತದೆ, ಅದಕ್ಕೆ. ಓಡಿಸುವ ಮೊದಲು ಒಂದು ಸೀಡ್ ಸಂಖ್ಯೆ (ಚೀಟಿ ಎತ್ತುವುದು ಎಲ್ಲಿಂದ ಶುರುವಾಗಬೇಕು ಎಂದು ಹೇಳುವ ಅಂಕಿ) ಕೊಡಿ, ಆಗ ಪ್ರತಿ ಸಲವೂ ಅದೇ ಅಂಕಿ ಬರುತ್ತದೆ. ಆ ಸಂಖ್ಯೆಯನ್ನು ಥೀಸಿಸ್‌ನಲ್ಲಿ ವಿಧಾನದ ಭಾಗದಲ್ಲೇ ಬರೆಯಿರಿ. ಎರಡನೇ ದಶಮಾಂಶವೂ ಅಲ್ಲಾಡುತ್ತಿದ್ದರೆ ಪ್ರತಿಗಳನ್ನು 40ರಿಂದ 100ಕ್ಕೆ ಏರಿಸಿ ನೋಡಿ.